ಟ್ರಂಕಿಂಗ್ ಸ್ಕ್ಯಾನರ್ ಕೈಗೆ ಬಂತು, ಮಾತು ಅರ್ಧಕ್ಕೇ ನಿಲ್ಲುತ್ತದೆ: ಬೇ ಏರಿಯಾದವರು ದಾರಿ ಹೇಳಿ

ಅಡಿಕೆತೋಟ (ಫ್ರೀಮಾಂಟ್)

ಎಲ್ಲರಿಗೂ ನಮಸ್ಕಾರ. ಆಫೀಸಿನ ಗೆಳೆಯರೊಬ್ಬರು ಊರಿಗೆ ವಾಪಸ್ ಹೊರಟರು. ಅವರ ಹತ್ತಿರ ಇದ್ದ ಯೂನಿಡನ್ ಎಸ್‌ಡಿಎಸ್100 ಸ್ಕ್ಯಾನರನ್ನು ಅರ್ಧ ಬೆಲೆಗೆ ತಗೊಂಡೆ. ಫೈರ್, ಪೊಲೀಸ್ ಇಲಾಖೆಯವರ ರೇಡಿಯೋ ಮಾತು ಕೇಳುವ ಕೈ ರೇಡಿಯೋ ಇದು. ನಮ್ಮ ಮನೆ ಮಿಷನ್ ಪೀಕ್ ಕಡೆ, ಗುಡ್ಡದ ಬುಡದಲ್ಲಿದೆ. ಬೇಸಿಗೆ ಬಂದರೆ ಸುತ್ತ ಒಣಹುಲ್ಲು, ಮೇಲೆ ಗಾಳಿ. ಬೆಂಕಿ ಬಿದ್ದರೆ ಎಲ್ಲಿ ಬಿದ್ದಿದೆ, ಯಾವ ಕಡೆ ಹೋಗುತ್ತಿದೆ ಅಂತ ಬೇಗ ತಿಳಿಯಬೇಕು. ನನ್ನ ಆಸೆ ಅಷ್ಟೇ.

ಗೆಳೆಯರು ಮೆಮೊರಿ ಪೂರ್ತಿ ಅಳಿಸಿ ಕೊಟ್ಟಿದ್ದಾರೆ. ಇಲ್ಲಿನ ಫೈರ್, ಪೊಲೀಸ್ ಬಳಸುವ 700, 800 ಮೆಗಾಹರ್ಟ್ಸ್ ಫ್ರೀಕ್ವೆನ್ಸಿಗಳನ್ನು ಪಟ್ಟಿ ನೋಡಿಕೊಂಡು ಒಂದೊಂದಾಗಿ ಹಾಕಿದ್ದೇನೆ. ಈಗ ಆಗುತ್ತಿರುವುದು ಇದು. ಒಂದು ಚಾನೆಲ್‌ನಲ್ಲಿ ಫೈರ್‌ನವರು ಮಾತು ಶುರುಮಾಡುತ್ತಾರೆ. ಅದಕ್ಕೆ ಉತ್ತರ ಬರುವುದೇ ಇಲ್ಲ. ಅದೇ ಚಾನೆಲ್‌ನಲ್ಲಿ ಮರುಕ್ಷಣ ಬೇರೆ ಯಾವುದೋ ಊರಿನ ರಸ್ತೆ ರಿಪೇರಿಯವರು ಮಾತಾಡುತ್ತಾರೆ. ಇನ್ನೊಂದು ಫ್ರೀಕ್ವೆನ್ಸಿಯನ್ನು ಅನಲಾಗ್‌ಗೆ ಇಟ್ಟರೆ ಹಗಲೂ ರಾತ್ರಿ ಗರ್ ಅನ್ನುತ್ತಲೇ ಇರುತ್ತದೆ. ಈ ಗರ್ ಚಾನೆಲ್ ತೆಗೆದುಬಿಡಲಾ?

ತಂತಿಯಿಲ್ಲದವ (ಸ್ಯಾನ್ ಹೊಸೆ)

ತೆಗೀಬೇಡಿ! ಆ ಗರ್ ಅನ್ನುವ ಚಾನೆಲ್ಲೇ ಇಡೀ ವ್ಯವಸ್ಥೆಯ ಯಜಮಾನ. ಅದರ ಹೆಸರು ಕಂಟ್ರೋಲ್ ಚಾನೆಲ್.

ಅರಸೀಕೆರೆ ಜಂಕ್ಷನ್ ನೆನಪಿಸಿಕೊಳ್ಳಿ. ರೈಲು ಯಾವ ಪ್ಲಾಟ್‌ಫಾರಂಗೆ ಬರುತ್ತದೆ ಅನ್ನುವುದು ಅನೌನ್ಸ್‌ಮೆಂಟ್ ಆದಮೇಲೆ ಗೊತ್ತಾಗುತ್ತದೆ. ನೀವು ಅನೌನ್ಸ್‌ಮೆಂಟ್ ಕೇಳದೆ ಮೂರನೇ ಪ್ಲಾಟ್‌ಫಾರಂನಲ್ಲೇ ನಿಂತಿದ್ದೀರಿ. ಒಮ್ಮೆ ಮೈಸೂರಿನ ಗಾಡಿ ಬರುತ್ತದೆ, ಇನ್ನೊಮ್ಮೆ ಹುಬ್ಬಳ್ಳಿಯದು. ನಿಮ್ಮ ಗಾಡಿ ಅಷ್ಟರಲ್ಲಿ ಒಂದನೇ ಪ್ಲಾಟ್‌ಫಾರಂನಿಂದ ಹೊರಟುಹೋಗಿರುತ್ತದೆ.

ಟ್ರಂಕಿಂಗ್‌ನಲ್ಲಿ ಯಾವ ಇಲಾಖೆಗೂ ಸ್ವಂತ ಫ್ರೀಕ್ವೆನ್ಸಿ ಇಲ್ಲ. ಹತ್ತಿಪ್ಪತ್ತು ಫ್ರೀಕ್ವೆನ್ಸಿಗಳನ್ನು ಎಲ್ಲರೂ ಹಂಚಿಕೊಳ್ಳುತ್ತಾರೆ. ಇಲಾಖೆಗೆ ಇರುವುದು ಟಾಕ್‌ಗ್ರೂಪ್ ಅನ್ನುವ ಒಂದು ನಂಬರ್ ಮಾತ್ರ. ಫೈರ್‌ನವನು ತನ್ನ ರೇಡಿಯೋದ ಬಟನ್ ಒತ್ತಿದ ಕೂಡಲೇ ಅದು ಕಂಟ್ರೋಲ್ ಚಾನೆಲ್‌ಗೆ ಕೇಳುತ್ತದೆ, "ನಮ್ಮ ಗುಂಪಿಗೆ ಜಾಗ ಕೊಡಿ" ಅಂತ. ಕಂಪ್ಯೂಟರ್ ಖಾಲಿ ಇರುವ ಒಂದು ಫ್ರೀಕ್ವೆನ್ಸಿ ಕೊಡುತ್ತದೆ. ಆ ಗುಂಪಿನ ರೇಡಿಯೋಗಳೆಲ್ಲ ಅಲ್ಲಿಗೆ ಹಾರುತ್ತವೆ. ಇದಿಷ್ಟಕ್ಕೂ ಸೆಕೆಂಡಿನ ಒಂದು ಚೂರು ಸಾಕು. ಮಾತು ಮುಗಿಯಿತು, ಜಾಗ ವಾಪಸ್. ಉತ್ತರ ಕೊಡುವವನಿಗೆ ಬೇರೆ ಫ್ರೀಕ್ವೆನ್ಸಿ ಸಿಗಬಹುದು. ನಿಮಗೆ ಉತ್ತರ ಕೇಳದೇ ಇದ್ದದ್ದು ಅದಕ್ಕೇ.

ಈ ಅಪ್ಪಣೆಗಳೆಲ್ಲ ಸೆಕೆಂಡಿಗೆ 9600 ಬಿಟ್ ವೇಗದ ಡೇಟಾ ಆಗಿ ಹರಿಯುತ್ತಿರುತ್ತವೆ. ಕಿವಿಗೆ ಅದು ಗರ್ ಅಂತ ಕೇಳುತ್ತದೆ, ಅಷ್ಟೇ. ಸ್ಕ್ಯಾನರ್ ಅದನ್ನು ಓದಿಕೊಂಡು ನಿಮ್ಮ ಟಾಕ್‌ಗ್ರೂಪ್ ಹೋದಲ್ಲೆಲ್ಲ ಹಿಂದೆ ಹೋಗಬೇಕು. ಅದಕ್ಕೆ ಅವನ್ನು ಸಾಮಾನ್ಯ ಚಾನೆಲ್‌ಗಳಾಗಿ ಹಾಕಬಾರದು, ಟ್ರಂಕ್ ಸಿಸ್ಟಂ ಅಂತಲೇ ಹಾಕಬೇಕು.

ಫ್ರೀಮಾಂಟ್ ಬರುವುದು ಈಸ್ಟ್ ಬೇ ರೀಜನಲ್ ಕಮ್ಯುನಿಕೇಷನ್ಸ್ ಸಿಸ್ಟಂ ಅಡಿಯಲ್ಲಿ. ಅಲಮೇಡಾ, ಕಾಂಟ್ರಾ ಕೋಸ್ಟಾ ಎರಡೂ ಕೌಂಟಿಗೆ ಅದೇ. ಮಿಲ್ಪಿಟಾಸ್ ದಾಟಿ ನಮ್ಮ ಕಡೆ ಬಂದರೆ ಸಿಲಿಕಾನ್ ವ್ಯಾಲಿ ರೀಜನಲ್ ಕಮ್ಯುನಿಕೇಷನ್ಸ್ ಸಿಸ್ಟಂ, ಅದು ಬೇರೆ. ಎರಡೂ ಪಿ25, ಅಂದರೆ ಇಂಥ ಇಲಾಖೆಗಳು ಬಳಸುವ ಡಿಜಿಟಲ್ ರೇಡಿಯೋ ಪದ್ಧತಿ. ನಿಮ್ಮ ಮನೆ ಇರುವ ಜಾಗಕ್ಕೆ ಎರಡೂ ಕೇಳಿಸಬಹುದು. ಶುರುವಿನಲ್ಲಿ ಒಂದನ್ನೇ ಹಾಕಿ.

ಅಡಿಕೆತೋಟ

ಆಹಾ, ಈಗ ತಲೆಗೆ ಹೋಯಿತು ಸರ್. ಹಾಗಾದರೆ ಕೈಯಲ್ಲಿ ಒಂದೊಂದೇ ಟಾಕ್‌ಗ್ರೂಪ್ ನಂಬರ್ ಒತ್ತುತ್ತಾ ಕೂರಬೇಕಾ? ಪಟ್ಟಿ ನೋಡಿದರೆ ನೂರಾರು ಇವೆ.

ತಂತಿಯಿಲ್ಲದವ

ಕೀಪ್ಯಾಡ್‌ನಲ್ಲಿ ಮಾಡಬಹುದು, ಆದರೆ ಯಾಕೆ ಅಷ್ಟು ಕಷ್ಟ. ಸೆಂಟಿನಲ್ ಅಂತ ಯೂನಿಡನ್‌ನವರದೇ ಸಾಫ್ಟ್‌ವೇರ್ ಇದೆ, ಉಚಿತ. ವಿಂಡೋಸ್‌ನಲ್ಲಿ ಮಾತ್ರ ಓಡುತ್ತದೆ. ರೇಡಿಯೋ ರೆಫರೆನ್ಸ್ ಜಾಲತಾಣದಲ್ಲಿ ಹವ್ಯಾಸಿಗಳು ಸೇರಿ ಕಟ್ಟಿದ ದೊಡ್ಡ ಡೇಟಾಬೇಸ್ ಇದೆಯಲ್ಲ, ಅದೇ ಇದಕ್ಕೂ ಬರುತ್ತದೆ. ವಾರವಾರ ಹೊಸದಾಗುತ್ತದೆ.

ಸ್ಕ್ಯಾನರ್‌ಗೆ ಕೇಬಲ್ ಹಾಕಿ. ಹಳೇ ಕಾಲದ ಮಿನಿ ಯುಎಸ್‌ಬಿ ಅದು. ಬರೀ ಚಾರ್ಜ್ ಮಾಡುವ ಕೇಬಲ್ ಆದರೆ ಕಂಪ್ಯೂಟರ್‌ಗೆ ಕಾಣುವುದೇ ಇಲ್ಲ, ಡೇಟಾ ಹೋಗುವ ಕೇಬಲ್ ಬೇಕು. ಪರದೆ ಮೇಲೆ ಮಾಸ್ ಸ್ಟೋರೇಜ್ ಬೇಕಾ ಅಂತ ಕೇಳಿದರೆ ಹೌದು ಅನ್ನಿ. ಮೊದಲ ಕೆಲಸ, ಒಳಗಿರುವ ಮೈಕ್ರೋ ಎಸ್‌ಡಿ ಕಾರ್ಡ್‌ನಲ್ಲಿ ಇರುವುದನ್ನೆಲ್ಲ ಕಂಪ್ಯೂಟರ್‌ಗೆ ಒಂದು ಪ್ರತಿ ಇಟ್ಟುಕೊಳ್ಳಿ. ಕಾರ್ಡ್ ಕೈಕೊಟ್ಟ ದಿನ ನನ್ನ ನೆನಪು ಬರುತ್ತದೆ.

ಆಮೇಲೆ ಡೇಟಾಬೇಸ್ ಅಪ್‌ಡೇಟ್, ಫರ್ಮ್‌ವೇರ್ (ಸ್ಕ್ಯಾನರ್ ಒಳಗಿನ ಸಾಫ್ಟ್‌ವೇರ್) ಅಪ್‌ಡೇಟ್. ಅದಾದಮೇಲೆ ಹೊಸ ಫೇವರಿಟ್ಸ್ ಲಿಸ್ಟ್ ಮಾಡಿ, "ಮನೆ" ಅಂತ ಹೆಸರಿಡಿ. ಡೇಟಾಬೇಸ್‌ನಲ್ಲಿ ಕ್ಯಾಲಿಫೋರ್ನಿಯಾ, ಅಲಮೇಡಾ ಕೌಂಟಿ ತೆರೆದು ಈಸ್ಟ್ ಬೇ ಸಿಸ್ಟಂ ಹುಡುಕಿ. ಅದರಲ್ಲಿ ಫ್ರೀಮಾಂಟ್ ಫೈರ್, ಕೌಂಟಿ ಫೈರ್ ವಿಭಾಗಗಳನ್ನು ಮಾತ್ರ ಲಿಸ್ಟ್‌ಗೆ ಸೇರಿಸಿ. ಪೂರ್ತಿ ಸಿಸ್ಟಂ ಎಳೆದು ಹಾಕಬೇಡಿ. ಹೊಸಬರಲ್ಲಿ ಹತ್ತಕ್ಕೆ ಒಂಬತ್ತು ಜನ ಅಲ್ಲೇ ಕೆಡುತ್ತಾರೆ. ಜಾಸ್ತಿ ಹಾಕಿದಷ್ಟೂ ಕಡಿಮೆ ಕೇಳುತ್ತದೆ. ಸ್ಕ್ಯಾನರ್ ಒಂದು ಹೊತ್ತಿಗೆ ಒಂದೇ ಮಾತು ಕೇಳುವುದು. ನೀವು ಯಾವುದೋ ಊರಿನ ಕಸದ ಲಾರಿ ಕೇಳುತ್ತಾ ಇರುವಾಗ ನಿಮ್ಮ ಗುಡ್ಡದ ಬೆಂಕಿ ಹೋಗಿಬಿಡುತ್ತದೆ.

ಸೈಟ್‌ಗಳದ್ದೂ ಇದೇ ಕಥೆ. ಇಂಥ ದೊಡ್ಡ ವ್ಯವಸ್ಥೆ ಹಲವು ಸೈಟ್‌ಗಳಾಗಿ, ಅಂದರೆ ಒಂದೊಂದು ಜಾಗ ನೋಡಿಕೊಳ್ಳುವ ಟವರ್ ಅಥವಾ ಟವರ್ ಗುಂಪುಗಳಾಗಿ, ಒಡೆದಿರುತ್ತದೆ. ಎಲ್ಲವನ್ನೂ ಬಿಟ್ಟರೆ ಸ್ಕ್ಯಾನರ್ ಪ್ರತಿ ಸೈಟ್‌ನ ಕಂಟ್ರೋಲ್ ಚಾನೆಲ್ ಹುಡುಕುತ್ತಾ ಹೊತ್ತು ಕಳೆಯುತ್ತದೆ. ನಿಮಗೆ ಗಟ್ಟಿಯಾಗಿ ಸಿಗುವ ಒಂದು ಸೈಟ್ ಇಟ್ಟುಕೊಂಡು ಮಿಕ್ಕಿದ್ದನ್ನು ಅವಾಯ್ಡ್ ಮಾಡಿ.

ಅವಾಯ್ಡ್ ಕೀಲಿ ಬಗ್ಗೆ ಒಂದು ಮಾತು. ಒಮ್ಮೆ ಒತ್ತಿದರೆ ತಾತ್ಕಾಲಿಕ, ಸ್ಕ್ಯಾನರ್ ಆಫ್ ಮಾಡಿ ಆನ್ ಮಾಡಿದರೆ ವಾಪಸ್ ಬರುತ್ತದೆ. ಬೇಗ ಬೇಗ ಎರಡು ಸಲ ಒತ್ತಿದರೆ ಶಾಶ್ವತ. ಯಾವುದೋ ಮಾತು ಪೂರ್ತಿ ಕೇಳಬೇಕು ಅನ್ನಿಸಿದರೆ ಚಾನೆಲ್ ಕೀಲಿ ಒತ್ತಿ, ಅಲ್ಲೇ ನಿಲ್ಲುತ್ತದೆ. ತಪ್ಪಿಹೋದರೆ ರಿಪ್ಲೇ ಇದೆ.

ಹುಬ್ಬಳ್ಳಿ_ಮೈಲಾರಿ (ಆಸ್ಟಿನ್)

ಅರ್ಧ ಬೆಲೆ ಅಂದರೂ ಮುನ್ನೂರು ಡಾಲರ್ ಮೇಲೇ ಹೋಯಿತಲ್ಲ ಮಾರಾಯರೇ. ಹೊಸದು 650ರಿಂದ 700 ಡಾಲರ್. ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ 40 ಡಾಲರ್ ಒಳಗೆ ಸಿಗುತ್ತದೆ. ಮೂಲದಲ್ಲಿ ಅದು ಡಿಜಿಟಲ್ ಟಿವಿ ನೋಡಲು ಮಾಡಿದ ಯುಎಸ್‌ಬಿ ಕಡ್ಡಿ. ಸುಮಾರು 24ರಿಂದ 1766 ಮೆಗಾಹರ್ಟ್ಸ್‌ವರೆಗೆ ಹಿಡಿಯುತ್ತದೆ. ಎರಡೋ ಮೂರೋ ಡಾಂಗಲ್ ಹಾಕಿ, ಎಸ್‌ಡಿಆರ್‌ಟ್ರಂಕ್ ಅನ್ನುವ ಉಚಿತ ಸಾಫ್ಟ್‌ವೇರ್ ಓಡಿಸಿ. ಒಂದೇ ಹೊತ್ತಿಗೆ ಹತ್ತು ಟಾಕ್‌ಗ್ರೂಪ್ ರೆಕಾರ್ಡ್ ಆಗುತ್ತದೆ. ಸ್ಕ್ಯಾನರ್‌ಗೆ ಅದು ಆಗುವ ಮಾತಾ?

ಸುಮಾ_ಲಿವರ್‌ಮೋರ್

ಮೈಲಾರಿ, ನಿನ್ನ ಡಾಂಗಲ್ ಚೆನ್ನಾಗಿದೆ, ನಮ್ಮ ಮನೆಯಲ್ಲೂ ಒಂದು ಇದೆ. ಆದರೆ ಕರೆಂಟ್ ಹೋದರೆ? 2019ರ ಅಕ್ಟೋಬರ್‌ನಲ್ಲಿ ಬೆಂಕಿಯ ಭಯಕ್ಕೆ ಉತ್ತರ ಕ್ಯಾಲಿಫೋರ್ನಿಯಾದಲ್ಲಿ ದಿನಗಟ್ಟಲೆ ಕರೆಂಟ್ ತೆಗೆದರು. ಎಷ್ಟೋ ಕಡೆ ಮೊಬೈಲ್ ಟವರ್‌ಗಳೂ ಮಲಗಿದವು. ಮಕ್ಕಳು, ಪಾಸ್‌ಪೋರ್ಟ್, ನಾಯಿ ಎಲ್ಲ ಕಾರಿಗೆ ತುಂಬುವಾಗ ಲ್ಯಾಪ್‌ಟಾಪ್, ಮೂರು ಡಾಂಗಲ್, ವೈರುಗಳ ಗಂಟು ಯಾರು ಹೊರುತ್ತಾರೆ? ಕೈಯಲ್ಲಿ ಹಿಡಿಯುವ ಸ್ಕ್ಯಾನರ್‌ಗೆ ಒಂದು ಪವರ್ ಬ್ಯಾಂಕ್ ಸಾಕು.

ಅಡಿಕೆತೋಟದವರೇ, ನಿಮಗೆ ಬೇರೆ ಒಂದು ವಿಷಯ ಹೇಳಬೇಕು. ನೀವು ಕಾಳ್ಗಿಚ್ಚಿಗಾಗಿ ಸ್ಕ್ಯಾನರ್ ತಗೊಂಡಿದ್ದೀರಿ. ಟ್ರಂಕಿಂಗ್ ಸಿಸ್ಟಂ ಒಂದನ್ನೇ ಹಾಕಿಕೊಂಡರೆ ಗುಡ್ಡದ ಬೆಂಕಿಯ ಅರ್ಧ ಕಥೆ ತಪ್ಪಿಹೋಗುತ್ತದೆ. ಊರೊಳಗಿನ ಫೈರ್ ಇಲಾಖೆ ಟ್ರಂಕ್ ಮೇಲೆ ಇದೆ. ಆದರೆ ಗುಡ್ಡ, ಹುಲ್ಲುಗಾವಲು, ಕಾಡು ಕ್ಯಾಲ್ ಫೈರ್ ಅನ್ನುವ ರಾಜ್ಯದ ಫೈರ್ ಇಲಾಖೆಯವರದು. ಅವರು ಇನ್ನೂ ವಿಎಚ್‌ಎಫ್‌ನಲ್ಲಿ, 151 ಮೆಗಾಹರ್ಟ್ಸ್ ಆಸುಪಾಸಿನಲ್ಲಿ, ಹಳೇ ಅನಲಾಗ್ ಎಫ್‌ಎಂನಲ್ಲೇ ಮಾತಾಡುತ್ತಾರೆ. ಹೊರ ಜಿಲ್ಲೆಗಳಿಂದ ಬಂದ ಇಂಜಿನ್‌ಗಳೆಲ್ಲ ಒಟ್ಟಿಗೆ ಮಾತಾಡಬೇಕಲ್ಲ, ಅದಕ್ಕೆ.

2020ರ ಆಗಸ್ಟ್‌ನಲ್ಲಿ ಮಳೆ ಇಲ್ಲದೆ ಬರೀ ಸಿಡಿಲು ಹೊಡೆದು ಹೊತ್ತಿಕೊಂಡಿತಲ್ಲ, ಎಸ್‌ಸಿಯು ಲೈಟ್ನಿಂಗ್ ಕಾಂಪ್ಲೆಕ್ಸ್? ಸುಮಾರು 3.96 ಲಕ್ಷ ಎಕರೆ ಸುಟ್ಟಿತು. ನಮ್ಮ ಊರಿನ ದಕ್ಷಿಣದ ಗುಡ್ಡಗಳಿಂದ ಸ್ಯಾನ್ ಹೊಸೆ ಹಿಂದಿನ ಬೆಟ್ಟದವರೆಗೆ. ಆಗ ಟ್ರಂಕ್‌ನಲ್ಲಿ ಕೇಳಿದ್ದು ಜಾಸ್ತಿ ಹೊಗೆ ಬಗ್ಗೆ ಫೋನ್ ಮಾಡಿದವರ ಕಥೆ. ಬೆಂಕಿ ಯಾವ ರಿಡ್ಜ್ ದಾಟಿತು, ಬುಲ್ಡೋಜರ್ ಎಲ್ಲಿ ಗೆರೆ ಎಳೆಯುತ್ತಿದೆ ಅನ್ನುವುದೆಲ್ಲ ಬಂದದ್ದು ವಿಎಚ್‌ಎಫ್‌ನಲ್ಲಿ.

ಅದಕ್ಕೆ "ಬೆಂಕಿ" ಅಂತ ಇನ್ನೊಂದು ಲಿಸ್ಟ್ ಮಾಡಿ. ಡೇಟಾಬೇಸ್‌ನಲ್ಲಿ ಕ್ಯಾಲ್ ಫೈರ್‌ನ ಸಾಂತಾ ಕ್ಲಾರಾ ಯೂನಿಟ್ ವಿಭಾಗ ಇದೆ, ಅಲಮೇಡಾದ ಗುಡ್ಡಗಳೂ ಅದರಡಿಯೇ ಬರುತ್ತವೆ. ಜೊತೆಗೆ ರಾಜ್ಯದ ಪರಸ್ಪರ ನೆರವಿನ ಚಾನೆಲ್‌ಗಳು: ಫೈರ್ ವೈಟ್ 1 ಅಂದರೆ 154.280, ಕ್ಯಾಲ್‌ಕಾರ್ಡ್ ಅಂದರೆ 156.075. ಇವಕ್ಕೆ ಟ್ರಂಕ್ ಬೇಡ, ಸಾಮಾನ್ಯ ಚಾನೆಲ್ ಆಗಿಯೇ ಹಾಕಬೇಕು. ವರ್ಷದಲ್ಲಿ ಬಹಳ ದಿನ ಸುಮ್ನೆ ಇರುತ್ತವೆ. ಕೆಟ್ಟಿದೆ ಅಂದುಕೊಳ್ಳಬೇಡಿ.

ಹವಾಮಾನದ ಎಚ್ಚರಿಕೆಯೂ ಇದರಲ್ಲೇ ಬರುತ್ತದೆ. 162.400ರಿಂದ 162.550ರವರೆಗೆ ಏಳು ಚಾನೆಲ್. ನಮ್ಮ ಕೌಂಟಿ ಕೋಡ್ 006001. ಅದನ್ನು ಕೊಟ್ಟರೆ ಪಕ್ಕದ ಕೌಂಟಿಯ ಪ್ರವಾಹಕ್ಕೆಲ್ಲ ರಾತ್ರಿ ಎಬ್ಬಿಸುವುದಿಲ್ಲ.

ಮನೆ ಬಿಡಿ ಅನ್ನುವ ಆದೇಶಕ್ಕೆ ಮಾತ್ರ ಸ್ಕ್ಯಾನರ್ ನಂಬಿ ಕೂರಬೇಡಿ. ಕೌಂಟಿಯ ಎಚ್ಚರಿಕೆ ಸೇವೆ ಎಸಿ ಅಲರ್ಟ್‌ನಲ್ಲಿ ಫೋನ್ ನಂಬರ್ ನೋಂದಾಯಿಸಿ. ಕಾಳ್ಗಿಚ್ಚಿನ ಸುದ್ದಿ ಕೊಡುವ ವಾಚ್ ಡ್ಯೂಟಿ ಆ್ಯಪ್ ಕೂಡ ಹಾಕಿಕೊಳ್ಳಿ. ಅದರ ಹಿಂದೆ ಕೂತು ಇದೇ ರೇಡಿಯೋ ಕೇಳಿ ಬರೆಯುವ ಜನ ಇದ್ದಾರೆ, ಅವರ ಕಿವಿ ನಮ್ಮದಕ್ಕಿಂತ ಚೆನ್ನಾಗಿ ಪಳಗಿದೆ.

ಅಡಿಕೆತೋಟ

ಸುಮಕ್ಕ, ಇದು ನನಗೆ ಹೊಳೆದೇ ಇರಲಿಲ್ಲ. ಟ್ರಂಕಿಂಗ್ ಅಂದರೆ ಹೊಸದು, ಹಾಗಾಗಿ ಎಲ್ಲ ಅದರಲ್ಲೇ ಇರುತ್ತದೆ ಅಂದುಕೊಂಡಿದ್ದೆ. ಎರಡೂ ಲಿಸ್ಟ್ ಮಾಡುತ್ತೇನೆ.

ರೈಲುಹುಚ್ಚ (ಯೂನಿಯನ್ ಸಿಟಿ)

ಮೂರನೇ ಲಿಸ್ಟ್ ನನ್ನ ಕಡೆಯಿಂದ. 160.215ರಿಂದ 161.565ರವರೆಗೆ ರೈಲಿನವರ ಚಾನೆಲ್‌ಗಳು, ಅಪ್ಪಟ ಅನಲಾಗ್. ಫ್ರೀಮಾಂಟ್ ಸೆಂಟರ್‌ವಿಲ್ ಸ್ಟೇಷನ್ ಹತ್ತಿರ ನಿಂತರೆ ಕ್ಯಾಪಿಟಲ್ ಕಾರಿಡಾರ್, ಎಸಿಇ, ಯೂನಿಯನ್ ಪೆಸಿಫಿಕ್ ಗೂಡ್ಸ್ ಎಲ್ಲ ಕೇಳುತ್ತದೆ. ಹಳಿ ಪಕ್ಕದಲ್ಲಿ ಡಿಟೆಕ್ಟರ್ ಪೆಟ್ಟಿಗೆಗಳಿರುತ್ತವೆ. ರೈಲು ದಾಟಿದ ಕೂಡಲೇ ತಾನೇ ಮಾತಾಡಿ ಇಷ್ಟು ಆ್ಯಕ್ಸಲ್, ದೋಷ ಇಲ್ಲ ಅಂತ ವರದಿ ಒಪ್ಪಿಸುತ್ತವೆ. ನನ್ನ ಮಗನಿಗೆ ಅದೇ ಹುಚ್ಚು.

ತಂತಿಯಿಲ್ಲದವ

ರೈಲುಹುಚ್ಚರೇ, ಬರೀ ರೈಲು, ವಿಮಾನ ಕೇಳುವವರಿಗೆ ಎಸ್‌ಡಿಎಸ್100 ಬೇಕೇ ಇಲ್ಲ. ಬಿಸಿ125ಎಟಿ ಅಂತ ಚಿಕ್ಕದು ಸಿಗುತ್ತದೆ, ಬೆಲೆ ಬಹಳ ಕಡಿಮೆ. 500 ಚಾನೆಲ್, ಎರಡು ಪೆನ್ ಸೆಲ್. ಆದರೆ ಅದು ಟ್ರಂಕಿಂಗ್ ಮಾಡುವುದಿಲ್ಲ, 800 ಮೆಗಾಹರ್ಟ್ಸ್‌ಗೂ ಏರುವುದಿಲ್ಲ. ತಿಳಿದುಕೊಂಡು ತಗೊಳ್ಳಿ.

ಅಡಿಕೆತೋಟ

ಒಂದು ವಾರದ ವರದಿ. ಸೆಂಟಿನಲ್‌ನಲ್ಲಿ ಹೇಳಿದ ಹಾಗೆ ಮಾಡಿದೆ. ಸಂಭಾಷಣೆ ಈಗ ಜೋಡಿ ಜೋಡಿಯಾಗಿ ಕೇಳುತ್ತದೆ, ಪ್ರಶ್ನೆ, ಉತ್ತರ ಎರಡೂ. ಆಂಬುಲೆನ್ಸ್ ಹೊರಡುವುದು ಸೈರನ್‌ಗಿಂತ ಮೊದಲೇ ಗೊತ್ತಾಗುತ್ತದೆ!

ಆದರೆ ಹೊಸ ತಲೆನೋವು. ಅಡುಗೆಮನೆಯಲ್ಲಿ ಮಾತು ತುಂಡು ತುಂಡಾಗಿ, ರೋಬೋ ಗುಳುಗುಳು ಅಂದ ಹಾಗೆ ಬರುತ್ತದೆ. ಪರದೆಯಲ್ಲಿ ಸಿಗ್ನಲ್ ಕಡ್ಡಿಗಳೆಲ್ಲ ಪೂರ್ತಿ ಇವೆ. ಮಹಡಿ ಮೇಲಿನ ಹಿಂದಿನ ಕೋಣೆಯಲ್ಲಿ ಸಿಗ್ನಲ್ ಕಡಿಮೆ, ಮಾತು ಮಾತ್ರ ಸ್ಪಷ್ಟ. ಇದು ಹೇಗೆ ಸಾಧ್ಯ?

ತಂತಿಯಿಲ್ಲದವ

ಸೈಮಲ್‌ಕಾಸ್ಟ್ ನಿಮ್ಮ ಮನೆಗೂ ಬಂತು. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಈ ಹವ್ಯಾಸದಲ್ಲಿ ಜನ ಅತಿ ಜಾಸ್ತಿ ದುಡ್ಡು ಕಳೆಯುವುದು ಇದರ ಹಿಂದೆಯೇ.

ಗುಡ್ಡಗಾಡು ಇರುವ ಕೌಂಟಿಯಲ್ಲಿ ಒಂದು ಟವರ್ ಸಾಲುವುದಿಲ್ಲ. ಅದಕ್ಕೆ ಹಲವು ಟವರ್‌ಗಳು ಒಂದೇ ಫ್ರೀಕ್ವೆನ್ಸಿಯಲ್ಲಿ, ಒಂದೇ ಕ್ಷಣಕ್ಕೆ, ಒಂದೇ ಮಾತು ಕಳಿಸುತ್ತವೆ. ಅಲೆ ಒಂದು ಕಿಲೋಮೀಟರ್ ಹೋಗಲು ಸುಮಾರು 3.3 ಮೈಕ್ರೋಸೆಕೆಂಡ್ ಬೇಕು. ಒಂದು ಟವರ್ ಇನ್ನೊಂದಕ್ಕಿಂತ 20 ಕಿಲೋಮೀಟರ್ ದೂರ ಇದ್ದರೆ ಅದರ ಸಿಗ್ನಲ್ 67 ಮೈಕ್ರೋಸೆಕೆಂಡ್ ತಡವಾಗಿ ಬರುತ್ತದೆ. ಪಿ25 ಫೇಸ್ 1ರಲ್ಲಿ ಸೆಕೆಂಡಿಗೆ 4800 ಸಿಂಬಲ್ (ಡೇಟಾ ಹೊತ್ತ ಗುರುತು). ಅಂದರೆ ಒಂದೊಂದಕ್ಕೆ 208 ಮೈಕ್ರೋಸೆಕೆಂಡ್. ಮೂರನೇ ಒಂದು ಪಾಲು ಹಿಂದೆ ಬಿದ್ದ ಪ್ರತಿ ಮುಂದಿನದರ ಮೇಲೆ ಬಂದು ಕೂತರೆ ಓದುವುದು ಹೇಗೆ? ಫೇಸ್ 2ರಲ್ಲಿ ಸೆಕೆಂಡಿಗೆ 6000 ಸಿಂಬಲ್, ಅಲ್ಲಿ ಜಾಗ ಇನ್ನೂ ಇಕ್ಕಟ್ಟು. ಶಕ್ತಿ ಸಾಕಷ್ಟಿದೆ, ಅದಕ್ಕೇ ಕಡ್ಡಿ ಪೂರ್ತಿ. ಕೆಟ್ಟಿರುವುದು ಸಿಗ್ನಲ್‌ನ ಆಕಾರ.

ಇಂಥ ಟವರ್‌ಗಳು ಕಳಿಸುವ ಸಿಗ್ನಲ್‌ನಲ್ಲಿ ಅಲೆಯ ಎತ್ತರವೂ ಹಂತವೂ ಎರಡೂ ಬದಲಾಗುತ್ತವೆ. ಹಳೇ ಡಿಜಿಟಲ್ ಸ್ಕ್ಯಾನರ್‌ಗಳು ಎಫ್‌ಎಂ ಹಿಡಿಯುವ ರೀತಿಯಲ್ಲೇ ಹಿಡಿದು, ಎತ್ತರವನ್ನು ಬಿಸಾಕುತ್ತಿದ್ದವು. ಮಾಹಿತಿ ಅಲ್ಲೇ ಹೋಯಿತು. 2018ರಲ್ಲಿ ಬಂದ ಎಸ್‌ಡಿಎಸ್100 ಎರಡನ್ನೂ ಉಳಿಸಿಕೊಂಡು ಲೆಕ್ಕ ಹಾಕುವ ಐ/ಕ್ಯೂ ರಿಸೀವರ್. ಅದರ ಬೆಲೆ ಇರುವುದು ಅದಕ್ಕೇ. ಹಾಗಂತ ಭೌತಶಾಸ್ತ್ರ ಸುಳ್ಳಾಗುವುದಿಲ್ಲ. ಕೆಲವು ಮೂಲೆಗಳಲ್ಲಿ ಇದೂ ಸೋಲುತ್ತದೆ.

ಮಾಡಬೇಕಾದ್ದು ಇಷ್ಟು. ಪರದೆಯಲ್ಲಿ ಡಿ-ಎರರ್, ಅಂದರೆ ಡೇಟಾ ಓದುವಾಗ ಆಗುವ ತಪ್ಪುಗಳ ಅಂಕಿ, ಕಾಣುವ ಹಾಗೆ ಇಟ್ಟುಕೊಳ್ಳಿ. ಸಿಗ್ನಲ್ ಕಡ್ಡಿ ಮರೆತುಬಿಡಿ, ಆ ಅಂಕಿ ಸೊನ್ನೆಯ ಹತ್ತಿರ ಇರುವ ಜಾಗ ಹುಡುಕಿ. 800 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ 37 ಸೆಂಟಿಮೀಟರ್ ಚಿಲ್ಲರೆ. ಒಂದು ಗೇಣು ಸರಿಸಿದರೂ ಲೆಕ್ಕ ಬದಲಾಗುತ್ತದೆ. ಕಿಟಕಿಯ ಎಡದಿಂದ ಬಲಕ್ಕೆ ಇಟ್ಟರೆ ಸರಿಹೋದದ್ದಿದೆ. ಆಮೇಲೆ ಆ ಸೈಟ್‌ಗೆ ಫಿಲ್ಟರ್ ಬದಲಾಯಿಸಿ ನೋಡಿ: ನಾರ್ಮಲ್, ಇನ್ವರ್ಟ್, ವೈಡ್ ನಾರ್ಮಲ್, ವೈಡ್ ಇನ್ವರ್ಟ್, ಆಟೋ, ಆಫ್. ಯಾವುದು ನಿಮ್ಮ ಮನೆಗೆ ಒಗ್ಗುತ್ತದೆ ಅಂತ ಮೊದಲೇ ಹೇಳಲು ಬರುವುದಿಲ್ಲ. ಒಂದೊಂದನ್ನೂ ಸ್ವಲ್ಪ ಹೊತ್ತು ಬಿಟ್ಟು ಅಂಕಿ ನೋಡಬೇಕು.

ದೊಡ್ಡ ಆಂಟೆನಾ ತಗೊಳ್ಳಲಾ ಅಂತ ಕೇಳುತ್ತೀರಿ ಅಂತ ಗೊತ್ತು. ಬೇಡ. ದೊಡ್ಡದು ದೂರದ ಟವರ್‌ಗಳನ್ನೂ ಎಳೆದು ತಂದು ಜಗಳ ಹೆಚ್ಚಿಸುತ್ತದೆ. 800ಕ್ಕೆ ಕಾಲು ಅಲೆ ಅಂದರೆ ಸುಮಾರು 9 ಸೆಂಟಿಮೀಟರ್, ಒಂದು ಮೋಟು ಆಂಟೆನಾ ಸಾಕು. ಇಷ್ಟಕ್ಕೂ ಆಗದಿದ್ದರೆ ಒಂದೇ ಟವರ್ ಕಡೆ ಮುಖ ಮಾಡುವ ಯಾಗಿ ಆಂಟೆನಾ.

ಸುಮಾ_ಲಿವರ್‌ಮೋರ್

ಮೋಟು ಆಂಟೆನಾ ಟ್ರಂಕ್‌ಗೆ ಸರಿ. ಕ್ಯಾಲ್ ಫೈರ್ ಕೇಳುವಾಗ ಅದನ್ನೇ ಬಿಟ್ಟರೆ ಏನೂ ಸಿಗಲ್ಲ. 151ಕ್ಕೆ ಕಾಲು ಅಲೆ ಅರ್ಧ ಮೀಟರ್ ಹತ್ತಿರ ಆಗುತ್ತದೆ. ನಾನು ಎರಡು ಆಂಟೆನಾ ಇಟ್ಟುಕೊಂಡಿದ್ದೇನೆ, ರೆಡ್ ಫ್ಲಾಗ್ (ಕಾಳ್ಗಿಚ್ಚಿನ ಅಪಾಯದ ಎಚ್ಚರಿಕೆ) ದಿನ ಉದ್ದದ್ದು.

ತಂತಿಯಿಲ್ಲದವ

ಹೌದು, ಅದು ಸರಿಯಾದ ಮಾತು.

ಹುಬ್ಬಳ್ಳಿ_ಮೈಲಾರಿ

ಹಳೇ ಮಾಡೆಲ್ ಅಗ್ಗಕ್ಕೆ ಸಿಗುತ್ತದೆ ಅಂತ ಯಾರಾದರೂ ಇದನ್ನು ಓದುತ್ತಾ ಇದ್ದರೆ ಒಂದು ಎಚ್ಚರಿಕೆ. ಗ್ಯಾರೇಜ್ ಸೇಲ್‌ನಲ್ಲಿ ಬಿಸಿಡಿ396ಎಕ್ಸ್‌ಟಿ, ಪಿಎಸ್‌ಆರ್-500 ಇಂಥವು ಬರುತ್ತವೆ. ಅವುಗಳ ಕಾಲಕ್ಕೆ ಚೆನ್ನಾಗಿದ್ದವು. ಆದರೆ ಪಿ25 ಫೇಸ್ 2 ಅವಕ್ಕೆ ಬರುವುದಿಲ್ಲ. ಫೇಸ್ 2 ಅಂದರೆ ಒಂದೇ 12.5 ಕಿಲೋಹರ್ಟ್ಸ್ ಜಾಗದಲ್ಲಿ ಎರಡು ಮಾತು ಸರದಿಯ ಮೇಲೆ ಹೋಗುತ್ತವೆ. ಹಳೇ ಸ್ಕ್ಯಾನರ್‌ಗೆ ಆ ಸರದಿ ತಿಳಿಯುವುದಿಲ್ಲ. ಇನ್ನೂ ಹಳೆಯದು, 1997ರಲ್ಲಿ ಬಂದ ಬಿಸಿ235ಎಕ್ಸ್‌ಎಲ್‌ಟಿ ಇದೆಯಲ್ಲ, ಟ್ರಂಕ್ ಹಿಂಬಾಲಿಸಿದ ಮೊದಲ ಹ್ಯಾಂಡ್‌ಹೆಲ್ಡ್, ಅದನ್ನು ಶೋಕೇಸ್‌ನಲ್ಲಿ ಇಡಬಹುದು. ಮೊದಲು ನಿಮ್ಮ ಊರಿನ ಸಿಸ್ಟಂ ಯಾವುದು ಅಂತ ನೋಡಿ, ಆಮೇಲೆ ಪೆಟ್ಟಿಗೆ ಕೊಳ್ಳಿ.

ಡಿಎಂಆರ್, ಎನ್‌ಎಕ್ಸ್‌ಡಿಎನ್ ಅನ್ನುವ ಬೇರೆ ಡಿಜಿಟಲ್ ಪದ್ಧತಿಗಳು ಬೇಕಾದರೆ ಎಸ್‌ಡಿಎಸ್100ಕ್ಕೂ ಬೇರೆ ದುಡ್ಡು ಕೊಟ್ಟು ಸಾಫ್ಟ್‌ವೇರ್ ಕೀಲಿ ತಗೊಳ್ಳಬೇಕು. ಅಣ್ಣ, ನಿಮ್ಮ ಗೆಳೆಯರು ಮೊದಲೇ ಹಾಕಿಸಿದ್ದರೆ ನಿಮ್ಮ ಅದೃಷ್ಟ, ಮೆನುವಿನಲ್ಲಿ ನೋಡಿ.

ಕಾವೇರಿ_ತೀರ (ಸನ್ನಿವೇಲ್)

ನನಗೆ ಪೊಲೀಸ್ ಟಾಕ್‌ಗ್ರೂಪ್ ಹಾಕಿದರೆ ಇಎನ್‌ಸಿ ಅಂತ ಬಂದು ಮುಂದೆ ಹೋಗಿಬಿಡುತ್ತದೆ. ಇದಕ್ಕೇನಾದರೂ ಉಪಾಯ ಇದೆಯಾ?

ತಂತಿಯಿಲ್ಲದವ

ಇಲ್ಲ. ಅದು ಎನ್‌ಕ್ರಿಪ್ಷನ್. ಯಾವ ಸ್ಕ್ಯಾನರೂ ಬಿಡಿಸುವುದಿಲ್ಲ, ಬಿಡಿಸಲು ಹೋಗುವುದೂ ಅಪರಾಧ. 2020ರ ಅಕ್ಟೋಬರ್‌ನಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯ ಇಲಾಖೆ ಒಂದು ಸೂಚನೆ ಕಳಿಸಿತು. ಡ್ರೈವಿಂಗ್ ಲೈಸೆನ್ಸ್ ನಂಬರ್‌ನಂಥ ಜನರ ಖಾಸಗಿ ವಿವರ ತೆರೆದ ರೇಡಿಯೋದಲ್ಲಿ ಹೋಗಬಾರದು ಅಂತ. ಎನ್‌ಕ್ರಿಪ್ಟ್ ಮಾಡಿ, ಇಲ್ಲವೇ ಅಂಥ ವಿವರ ಹೇಳುವ ಪದ್ಧತಿ ಬದಲಿಸಿ, ಎರಡಕ್ಕೂ ಅವಕಾಶ ಇತ್ತು. ಬಹಳ ಊರುಗಳು ಪೂರ್ತಿ ಮುಚ್ಚಿದವು. ಪಾಲೋ ಆಲ್ಟೋ 2021ರ ಜನವರಿಯಲ್ಲಿ ಮುಚ್ಚಿ, ಜನ, ಪತ್ರಕರ್ತರು ಎಲ್ಲ ಕೇಳಿದ ಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ತೆರೆಯಿತು. ಅಂದರೆ ಎರಡನೇ ದಾರಿಯೂ ನಡೆಯುತ್ತದೆ. ಮನಸ್ಸು ಬೇಕು ಅಷ್ಟೇ.

ಆ ಟಾಕ್‌ಗ್ರೂಪ್‌ಗಳನ್ನು ಅವಾಯ್ಡ್ ಮಾಡಿ. ಫೈರ್, ಆಂಬುಲೆನ್ಸ್ ಬಹಳ ಕಡೆ ತೆರೆದೇ ಇವೆ.

ಸುಮಾ_ಲಿವರ್‌ಮೋರ್

ನಾನು ಇದನ್ನು ಒಪ್ಪುವುದಿಲ್ಲ ಸರ್. ಮನೆಯೊಳಗಿನ ಜಗಳಕ್ಕೆ ಪೊಲೀಸ್ ಕರೆದ ಹೆಣ್ಣುಮಗಳ ವಿಳಾಸ ಊರಿಗೆಲ್ಲ ಕೇಳಬೇಕಾ? ಮುಚ್ಚಿದ್ದೇ ಒಳ್ಳೆಯದು ಅನ್ನಿಸುತ್ತದೆ ನನಗೆ.

ತಂತಿಯಿಲ್ಲದವ

ವಿಳಾಸ ಮುಚ್ಚಲಿ ಸುಮಾ ಅವರೇ, ಅದಕ್ಕೆ ನನ್ನ ತಕರಾರಿಲ್ಲ. ಎಲ್ಲಿ ಗುಂಡು ಹಾರಿತು, ಯಾವ ರಸ್ತೆ ಬಂದ್ ಅನ್ನುವುದನ್ನೂ ಮುಚ್ಚುವುದು ಯಾಕೆ? ಇದನ್ನು ಇಲ್ಲಿಗೇ ಬಿಡೋಣ, ಬೇರೆ ಎಳೆ ತೆರೆಯಿರಿ, ಬರುತ್ತೇನೆ.

ನಿರ್ವಾಹಕ

ಹೌದು, ಅದು ಬೇರೆ ಎಳೆಗೆ ಹೋಗಲಿ. ಇನ್ನೊಂದು ವಿಷಯ. ಸ್ಕ್ಯಾನರ್‌ನಲ್ಲಿ ಕೇಳಿದ ವಿಳಾಸ, ಹೆಸರು, ಗಾಡಿ ನಂಬರ್ ಇಲ್ಲಿ ಹಾಕಬೇಡಿ. ಕೂಟದ ವಾಟ್ಸಾಪ್ ಗುಂಪಿಗೂ ಬೇಡ. 2013ರಲ್ಲಿ ಬಾಸ್ಟನ್ ಮ್ಯಾರಥಾನ್ ಸ್ಫೋಟದ ನಂತರ, ಪೊಲೀಸ್ ಸ್ಕ್ಯಾನರ್‌ನಲ್ಲಿ ಹೇಳಿದರು ಅಂತ ಒಬ್ಬ ಭಾರತೀಯ ಮೂಲದ ವಿದ್ಯಾರ್ಥಿಯ ಹೆಸರು ರಾತ್ರೋರಾತ್ರಿ ಹಬ್ಬಿತು. ಆ ಹುಡುಗನಿಗೂ ಸ್ಫೋಟಕ್ಕೂ ಸಂಬಂಧವೇ ಇರಲಿಲ್ಲ. ಅವನ ಮನೆಯವರು ಪಟ್ಟ ಪಾಡು ನೆನಪಿರಲಿ.

ಹೊಸಬ_ತುಮಕೂರು (ಸಾಂತಾ ಕ್ಲಾರಾ)

ಒಂದು ದಡ್ಡ ಪ್ರಶ್ನೆ. ನಾನು ಎಚ್1ಬಿ ವೀಸಾದಲ್ಲಿದ್ದೇನೆ. ಇದನ್ನು ಇಟ್ಟುಕೊಂಡರೆ ತೊಂದರೆ ಇಲ್ಲವಾ? ಕಾರಿನಲ್ಲಿ ಇಟ್ಟುಕೊಂಡು ನ್ಯೂಯಾರ್ಕ್ ಕಡೆ ಪ್ರವಾಸ ಹೋಗುವ ಯೋಚನೆಯೂ ಇದೆ.

ತಂತಿಯಿಲ್ಲದವ

ದಡ್ಡ ಪ್ರಶ್ನೆ ಏನಲ್ಲ, ಎಲ್ಲರಿಗೂ ಬರುವ ಭಯ. ಅಮೆರಿಕದಲ್ಲಿ ಸ್ಕ್ಯಾನರ್ ಕೇಳಲು ಲೈಸೆನ್ಸ್ ಬೇಡ, ವೀಸಾ ಯಾವುದು ಅಂತಲೂ ಯಾರೂ ನೋಡುವುದಿಲ್ಲ. ಕೇಳಿದ್ದನ್ನು ಅಪರಾಧಕ್ಕೆ ಬಳಸಿದರೆ ಕ್ಯಾಲಿಫೋರ್ನಿಯಾದಲ್ಲಿ ಅದೇ ಬೇರೊಂದು ಅಪರಾಧ. ಮೊಬೈಲ್ ಫೋನ್ ಬ್ಯಾಂಡ್‌ಗಳನ್ನು ಸ್ಕ್ಯಾನರ್‌ನಲ್ಲಿ ಮುಚ್ಚಿಯೇ ಮಾರಬೇಕು ಅಂತ 1994ರಿಂದ ನಿಯಮ ಇದೆ. 869ರಿಂದ 894 ಮೆಗಾಹರ್ಟ್ಸ್‌ವರೆಗೆ ನಿಮ್ಮ ಸ್ಕ್ಯಾನರ್ ಹಾರಿಸಿಕೊಂಡು ಹೋಗುವುದು ಅದಕ್ಕೆ.

ಕಾರಿನ ವಿಷಯ ಬೇರೆ. ನ್ಯೂಯಾರ್ಕ್, ಇಂಡಿಯಾನಾ, ಫ್ಲೋರಿಡಾ, ಕೆಂಟಕಿ, ಮಿನ್ನೆಸೋಟಾದಲ್ಲಿ ಗಾಡಿಯೊಳಗೆ ಪೊಲೀಸ್ ಬ್ಯಾಂಡ್ ಹಿಡಿಯುವ ರೇಡಿಯೋ ಇಡಲು ನಿರ್ಬಂಧಗಳಿವೆ. ಹ್ಯಾಮ್ (ಹವ್ಯಾಸಿ ರೇಡಿಯೋ) ಲೈಸೆನ್ಸ್ ಇದ್ದವರಿಗೆ ವಿನಾಯಿತಿ ಉಂಟು. ಇಲ್ಲದಿದ್ದರೆ ಪ್ರವಾಸಕ್ಕೆ ಮನೆಯಲ್ಲೇ ಬಿಟ್ಟು ಹೋಗಿ.

ಹ್ಯಾಮ್ ಲೈಸೆನ್ಸ್ ಇಲ್ಲಿ ವಿದೇಶಿಯರಿಗೂ ಸಿಗುತ್ತದೆ, ಅಮೆರಿಕದ ಅಂಚೆ ವಿಳಾಸ ಇದ್ದರೆ ಸಾಕು. ಮೊದಲ ಹಂತದ ಟೆಕ್ನಿಷಿಯನ್ ಪರೀಕ್ಷೆಯಲ್ಲಿ 35 ಪ್ರಶ್ನೆ, 26 ಸರಿಯಾದರೆ ಪಾಸ್. ಲೈಸೆನ್ಸ್ ಕೊಡುವ ಸರ್ಕಾರಿ ಸಂಸ್ಥೆ ಎಫ್‌ಸಿಸಿಯ ಶುಲ್ಕ 35 ಡಾಲರ್. ನಮ್ಮ ಎಂಜಿನಿಯರಿಂಗ್ ಇಂಟರ್ನಲ್ಸ್‌ಗಿಂತ ಸುಲಭ.

ಬಸವನಗುಡಿ_ಬಾಯ್ (ಬೆಂಗಳೂರು)

ಓದಿ ಓದಿ ಹೊಟ್ಟೆ ಉರಿಯುತ್ತಿದೆ. ಡಿಸೆಂಬರ್‌ನಲ್ಲಿ ನಮ್ಮ ಭಾವ ಅಲ್ಲಿಂದ ಬರುತ್ತಿದ್ದಾರೆ. ಸೂಟ್‌ಕೇಸ್‌ನಲ್ಲಿ ಒಂದು ಹಾಕಿಕೊಂಡು ಬನ್ನಿ ಅಂತ ಹೇಳಲಾ?

ತಂತಿಯಿಲ್ಲದವ

ಹೇಳಬೇಡಿ. ಇಂಡಿಯಾದಲ್ಲಿ ಕೇಳುವುದಷ್ಟೇ ಅಲ್ಲ, ಇಟ್ಟುಕೊಳ್ಳುವುದಕ್ಕೇ ಅನುಮತಿ ಬೇಕು. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯ್ದೆ ಅದನ್ನೇ ಹೇಳಿತ್ತು, 2023ರ ಹೊಸ ದೂರಸಂಪರ್ಕ ಕಾಯ್ದೆಯ ಮಾತೂ ಅದೇ. ಕಸ್ಟಮ್ಸ್‌ನಲ್ಲಿ ಸಿಕ್ಕಿಬಿದ್ದರೆ ನಿಮ್ಮ ಭಾವನ ರಜೆ ಅಲ್ಲೇ ಮುಗಿಯುತ್ತದೆ. ರೇಡಿಯೋ ಆಸೆ ಇದ್ದರೆ ಅಲ್ಲೇ ಹ್ಯಾಮ್ ಪರೀಕ್ಷೆ ಬರೆಯಿರಿ, ಬೆಂಗಳೂರಿನಲ್ಲಿ ಹ್ಯಾಮ್‌ಗಳಿಗೆ ಬರವಿಲ್ಲ. ಆದರೆ ಆ ಲೈಸೆನ್ಸ್ ಪೊಲೀಸ್ ವೈರ್‌ಲೆಸ್ ಕೇಳಲು ಅಲ್ಲ, ನೆನಪಿರಲಿ.

ಸುಮ್ನೆ ಕೇಳುವ ಕುತೂಹಲ ಆದರೆ ಬ್ರಾಡ್‌ಕಾಸ್ಟಿಫೈ ಜಾಲತಾಣಕ್ಕೆ ಹೋಗಿ. ಇಲ್ಲಿನ ಹವ್ಯಾಸಿಗಳು ತಮ್ಮ ಸ್ಕ್ಯಾನರ್ ಆಡಿಯೋ ಅಲ್ಲಿ ಹರಿಸುತ್ತಾರೆ. ಸ್ವಲ್ಪ ತಡವಾಗಿ ಬರುತ್ತದೆ, ಆದರೆ ಬಸವನಗುಡಿಯಲ್ಲಿ ಕೂತು ಓಕ್‌ಲೆಂಡ್ ಫೈರ್ ಕೇಳಬಹುದು.

ಬಸವನಗುಡಿ_ಬಾಯ್

ಭಾವನಿಗೆ ಚಾಕೊಲೇಟ್ ಸಾಕು ಅಂತ ಹೇಳುತ್ತೇನೆ ಬಿಡಿ.

ಅಡಿಕೆತೋಟ

ಸರ್, ಕಿಟಕಿಯ ಬಲಗಡೆಗೆ ಇಟ್ಟು ಫಿಲ್ಟರ್ ವೈಡ್ ಇನ್ವರ್ಟ್ ಮಾಡಿದೆ. ಡಿ-ಎರರ್ ಬಹಳ ಹೊತ್ತು ಸೊನ್ನೆಯಲ್ಲೇ ನಿಲ್ಲುತ್ತದೆ. ಅಡುಗೆಮನೆ ಆಸೆ ಬಿಟ್ಟಿದ್ದೇನೆ.

ಕೊನೆಗೆ ಒಂದು. ನಿನ್ನೆ ಸ್ಯಾನ್ ಹೊಸೆಯಲ್ಲಿ ಅತ್ತೆ ಮನೆಗೆ ಹೋಗಿದ್ದೆವು. ಅಲ್ಲಿ ನಿಮ್ಮ ಸಿಲಿಕಾನ್ ವ್ಯಾಲಿ ಸಿಸ್ಟಂ ಚೆನ್ನಾಗಿ ಕೇಳಿತು. ಈಸ್ಟ್ ಬೇಯ ಒಂದು ದೂರದ ಸೈಟ್‌ನ ಕಂಟ್ರೋಲ್ ಚಾನೆಲ್ ಕೂಡ ಸಿಕ್ಕಿತು, ಸ್ಪಷ್ಟವಾಗಿ. ಆದರೆ ಅದರಲ್ಲಿ ಫ್ರೀಮಾಂಟ್ ಫೈರ್ ಒಂದು ಮಾತೂ ಬರಲಿಲ್ಲ. ಅದೇ ಹೊತ್ತಿಗೆ ಬ್ರಾಡ್‌ಕಾಸ್ಟಿಫೈನಲ್ಲಿ ಅವರು ಮಾತಾಡುತ್ತಿದ್ದರು. ಯಾಕೆ ಹೀಗೆ?

ತಂತಿಯಿಲ್ಲದವ

ಕಂಟ್ರೋಲ್ ಚಾನೆಲ್ ಸಿಕ್ಕಿದ ಮಾತ್ರಕ್ಕೆ ಎಲ್ಲ ಟಾಕ್‌ಗ್ರೂಪ್ ಅಲ್ಲಿ ಬರುವುದಿಲ್ಲ. ಪ್ರತಿ ರೇಡಿಯೋ ತಾನು ಯಾವ ಸೈಟ್‌ನಲ್ಲಿದ್ದೇನೆ, ಯಾವ ಗುಂಪಿಗೆ ಸೇರಿದ್ದೇನೆ ಅಂತ ವ್ಯವಸ್ಥೆಗೆ ಹೇಳಿಕೊಳ್ಳುತ್ತದೆ. ಆ ಗುಂಪಿನ ಒಂದು ರೇಡಿಯೋ ಆದರೂ ಆ ಸೈಟ್‌ಗೆ ಸೇರಿಕೊಂಡಿದ್ದರೆ ಮಾತ್ರ ಅಲ್ಲಿ ಆ ಮಾತಿಗೆ ಫ್ರೀಕ್ವೆನ್ಸಿ ಕೊಡುತ್ತಾರೆ. ಇಲ್ಲದಿದ್ದರೆ ಸುಮ್ನೆ ಯಾಕೆ ಖರ್ಚು ಅಂತ. ಕಾಂಟ್ರಾ ಕೋಸ್ಟಾ ಕಡೆ ಇರುವ ಸೈಟ್‌ನಲ್ಲಿ ಫ್ರೀಮಾಂಟ್ ಇಂಜಿನ್ ಯಾವುದೂ ಇಲ್ಲದ ದಿನ ಆ ಟಾಕ್‌ಗ್ರೂಪ್ ಅಲ್ಲಿ ಹುಟ್ಟುವುದೇ ಇಲ್ಲ. ನಿಮ್ಮ ಸ್ಕ್ಯಾನರ್ ಬರೀ ಕೇಳುಗ, ಅದು ತಾನಾಗಿ ಸೇರಿಕೊಳ್ಳಲು ಬರುವುದಿಲ್ಲ.

ಅತ್ತೆ ಮನೆಗೆ ಹೋಗುವಾಗ ನಮ್ಮ ಸಿಸ್ಟಂನದೇ ಒಂದು ಲಿಸ್ಟ್ ಮಾಡಿ ಬೇರೆ ಕ್ವಿಕ್ ಕೀ (ಲಿಸ್ಟ್ ಆನ್, ಆಫ್ ಮಾಡುವ ನಂಬರ್) ಕೊಡಿ. ಫ್ರೀಮಾಂಟ್‌ದು ಆಫ್, ಇದು ಆನ್. ಸಾಂತಾ ಕ್ಲಾರಾ ಕೌಂಟಿ ಫೈರ್, ಸ್ಯಾನ್ ಹೊಸೆ ಫೈರ್ ಎರಡು ವಿಭಾಗ ಹಾಕಿದರೆ ಸಾಕು.

ಅಡಿಕೆತೋಟ

ಕ್ವಿಕ್ ಕೀ 2 ಅತ್ತೆ ಮನೆಗೆ ಕೊಟ್ಟೆ. ಈ ಭಾನುವಾರ ಅಲ್ಲೇ ಊಟ, ನೋಡಿ ಹೇಳುತ್ತೇನೆ.